ಗೌರತ್ತೆಯ ಮೂರು ದಿನ

ಮೂರನೆಯ ವಾರಕ್ಕೆ ದಿವ್ಯಾ ಬಾಯಿಬಿಟ್ಟಳು. ಸೋದರಮಾವನ ಮಗ ರಾಘುವನ್ನು ಮದುವೆಯಾಗಲು ಅವಳಿಗೆ ಮನಸ್ಸಿಲ್ಲ. ಊಟ ಬಿಟ್ಟಿದ್ದು, ಕಾಲೇಜಿಗೆ ಹೋಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಎಲ್ಲ ಅದಕ್ಕೇ. ಹೇಳಿ ಮುಗಿಸಿದವಳೇ ಗಾಬರಿಯಾದಳು.

"ಅಮ್ಮಂಗೆ ಹೇಳ್ಬೇಡಿ ಮೇಡಂ. ಹೇಳಿದ್ರೆ ನಾ ಇನ್ನು ಬರೂದೇ ಇಲ್ಲ."

"ಹೇಳೂದಿಲ್ಲ" ಎಂದಳು ಜ್ಯೋತಿ.

ಶಿರಸಿಯಲ್ಲಿ ಮನಃಶಾಸ್ತ್ರಜ್ಞೆಯಾಗಿ ಇಪ್ಪತ್ತು ವರ್ಷ. ಈ ಮಾತನ್ನು ಎಷ್ಟು ಜನರಿಗೆ ಕೊಟ್ಟಿದ್ದಳೋ! ಕೊಡುವಾಗಲೆಲ್ಲ ಮಂಚಿಕೇರಿಯ ತವರುಮನೆಯ ಹಿಂದಿನ ಜಗಲಿ ಕಣ್ಣಿಗೆ ಬರುತ್ತಿತ್ತು. ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಆಸಕ್ತಿ ಎಂದುಬಿಡುತ್ತಿದ್ದಳು. ಜಗಲಿಯ ಸುದ್ದಿ ಎತ್ತುತ್ತಿರಲಿಲ್ಲ.

ಅಪ್ಪನ ತಂಗಿ ಗೌರತ್ತೆ ಗಂಡನ ಮನೆಯಿಂದ ಬಂದರೆ ಮಾತೇ ಕಡಿಮೆ. ಆದರೆ ತಿಂಗಳ ಮೂರು ದಿನ ಆ ಜಗಲಿಯಲ್ಲಿ ಹೊರಗೆ ಕೂತಾಗ ಬೇರೆಯೇ ಹೆಂಗಸು. ದೊಡ್ಡವರು ಯಾರೂ ಹತ್ತಿರ ಸುಳಿಯುವಂತಿಲ್ಲ. ಏಳು ವರ್ಷದ ಜ್ಯೋತಿಗೆ ಮಾತ್ರ ಅಡ್ಡಿಯಿಲ್ಲ, ಸಂಜೆ ಒಂದು ಸ್ನಾನ ಮಾಡಿಸಿದರೆ ಮುಗಿಯಿತು. ನಡುವೆ ಚನ್ನೆಮಣೆ. ಅತ್ತೆ ಗುಳಿಗೊಂದು ಹುಣಸೆಬೀಜ ಬಿಡುತ್ತ, ಮುಖ ನೋಡದೆ ಮಾತಾಡುತ್ತಿದ್ದಳು. ಬೇಕೆಂದೇ ಸೋತು, "ಕಳ್ಳಿ! ನೀ ಎಣಿಸ್ಕಂಡೇ ಆಡ್ತೆ" ಎಂದು ಮೂಗು ಹಿಂಡುತ್ತಿದ್ದಳು. ಅಷ್ಟು ಸುಖದ ಮಧ್ಯಾಹ್ನಗಳು ಜ್ಯೋತಿಗೆ ಮತ್ತೆ ಸಿಕ್ಕಿಲ್ಲ.

ಒಂದು ಸಲ ಅತ್ತೆಯ ಕೈ ಗುಳಿಯ ಮೇಲೆಯೇ ನಿಂತಿತು.

"ಆನು ಆ ಮನೆಗೆ ತಿರ್ಗಿ ಹೋಗ್ತ್ನಿಲ್ಲೆ ಕೂಸೇ. ಯನ್ನ ಹೆಸ್ರು ಹಿಡ್ದು ಕರೆಯೋರು ಅಲ್ಲಿ ಒಬ್ರೂ ಇಲ್ಲೆ. ಯಾರತ್ರೂ ಹೇಳಡ, ಹಾಂ?"

ಸಂಜೆ ಸ್ನಾನ ಮಾಡಿಸುತ್ತ ಅಜ್ಜಿ ಕೇಳಿದಳು: "ಎಂತದೇ ಅದು, ಅತ್ತೆ-ಸೊಸೆ ಗುಸುಗುಸು?"

ಅತ್ತೆ ಇಲ್ಲೇ ಉಳಿಯುತ್ತಾಳೆಂಬ ಖುಷಿಯನ್ನು ಜ್ಯೋತಿಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. "ಅತ್ತೆ ಇನ್ನು ಇಲ್ಲೇ ಇರ್ತಡ!"

ಆ ವಾರವೇ ಅಪ್ಪ ಗೌರತ್ತೆಯನ್ನು ಸಿದ್ದಾಪುರದ ಗಂಡನ ಮನೆಗೆ ಬಿಟ್ಟುಬಂದ. ಅವಳು ಒಂದು ಮಾತೂ ಬೈಯಲಿಲ್ಲ. ಮುಂದೆ ಬಂದಾಗಲೂ ಪ್ರೀತಿಯಿಂದಲೇ ಇದ್ದಳು. ತಲೆ ಬಾಚಿದಳು, ಹೂ ಮುಡಿಸಿದಳು. ಆದರೆ ಆ ಮೂರು ದಿನ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು. ಕೊನೆಯವರೆಗೂ ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ.

ದಿವ್ಯಾ ಹೊರಗೆ ಹೋಗುತ್ತಲೇ ಅವಳ ತಾಯಿ ದುರ್ಗಿ ಒಳಗೆ ಬಂದಳು.

"ಎಂತ ಅಂದ್ಲು ಅಮ್ಮ? ಒಂದು ತಾಸು ಮಾತಾಡೀರಿ."

"ಅವಳು ಹೇಳಿದ್ದು ನನ್ನ ಹತ್ರ ಇರ್ಲಿ ದುರ್ಗಮ್ಮ."

"ಹೌದಾ! ಹೆತ್ತೋಳು ನಾನು, ಗುಟ್ಟು ನಿಮ್ಮ ಹತ್ರ! ಕೋಲಸಿರ್ಸಿಯಿಂದ ಗದ್ದೆ ಕೆಲ್ಸ ಬಿಟ್ಟು ಬಸ್ಸಲ್ಲಿ ನೇತಾಡ್ಕಂಡು ಬರೂದು ನಾನು. ಒಂದೇ ಒಂದು ಮಾತು ಹೇಳೂಕಾಗೂದಿಲ್ವಾ?"

ಹೇಳಿದರೆ ಒಂದೇ ದಿನದಲ್ಲಿ ಎಲ್ಲ ಸರಿಹೋದೀತು ಎಂದು ಜ್ಯೋತಿಗೂ ಒಂದು ಕ್ಷಣ ಅನ್ನಿಸಿತು. ಅಜ್ಜಿಗೂ ಹಾಗೇ ಅನ್ನಿಸಿದ್ದಿರಬೇಕು.

"ಆಗೂದಿಲ್ಲ" ಎಂದಳು.

ದುರ್ಗಿ ಸಿಟ್ಟಿನಿಂದ ಎದ್ದು ಬಾಗಿಲವರೆಗೆ ಹೋದಳು. ಅಲ್ಲೇ ನಿಂತು ಕೇಳಿದಳು: "ನಾ ಹೇಳಿದ್ರೂ ಹಿಂಗೇ ಇಟ್ಕಂತೀರಾ? ಅವ್ಳಿಗೂ ಹೇಳದೇ?"

"ಹೌದು."

ದುರ್ಗಿ ಬಾಗಿಲು ಮುಚ್ಚಿ ವಾಪಸ್ ಬಂದು ಕೂತಳು. "ಅಣ್ಣಂಗೆ ಬಾಯಿತಪ್ಪಿ ಮಾತು ಕೊಟ್ಬಿಟ್ಟೆ ಅಮ್ಮ. ರಾಘು ಕುಡೀತಾನೆ. ಆ ಮನೆಗೆ ಮಗಳನ್ನ ಕೊಡೂಕೆ ನಂಗೆ ಮನ್ಸೇ ಇಲ್ಲ. ಅವ್ಳಿಗೆ ಅಂವ ಅಂದ್ರೆ ಆಸೆ ಇದ್ರೆ ಎಂತ ಮಾಡೂದು ಅಂತ ಸುಮ್ಮನಿದ್ದೆ."

ಜ್ಯೋತಿಯ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ನೀರಿನ ಲೋಟ ದುರ್ಗಿಯ ಕಡೆ ಸರಿಸಿದಳು.

"ಇದನ್ನ ನಾನು ಹೇಳೂದಲ್ಲ. ಮಗಳನ್ನ ಕರೀತೇನೆ, ನೀವೇ ಹೇಳ್ತೀರಾ? ನಾ ಇಲ್ಲೇ ಕೂತಿರ್ತೇನೆ."

ದುರ್ಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಾನೇ ಎದ್ದು ಬಾಗಿಲು ತೆಗೆದು, "ಬಾರೇ ಒಳಗೆ" ಎಂದಳು.