ಯಾವಾಗಿಂದ ನೋವು?

ಅಂಕೋಲೆಯ ಮೀನುಪೇಟೆಯ ಮುಂದೆ ಬಸ್ಸು ನಿಂತಾಗ ದುರ್ಗಿ ಮೊದಲು ಬುಟ್ಟಿಯನ್ನು ಇಳಿಸಿದಳು, ಆಮೇಲೆ ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು. ಸೀರೆಯೊಳಗೆ ಬಿಗಿದು ಕಟ್ಟಿದ್ದ ಹಳೆ ಬಟ್ಟೆ ಸಡಿಲವಾಗಿತ್ತು. ಗರ್ಭಕೋಶ ಜಾರಿದೆ, ತೆಗೆಸಲೇಬೇಕು ಎಂದು ಕಾರವಾರದ ಡಾಕ್ಟರು ಹೇಳಿ ಒಂಬತ್ತು ತಿಂಗಳಾಗಿತ್ತು. ಅಲ್ಲಿಯವರೆಗೆ ಭಾರ ಎತ್ತಬೇಡಿ ಎಂದೂ ಹೇಳಿದ್ದರು. ಬುಟ್ಟಿಯಲ್ಲಿ ಇಪ್ಪತ್ತು ಕಿಲೋ ಬಂಗಡೆ ಇತ್ತು.

ಹಿಂದೆಯೇ ನೀತಾ ಇಳಿದಳು. ಇಳಿದಳೇನು, ಹಾರಿದಳು.

“ದುರ್ಗಕ್ಕ, ತಡಿಯೇ. ನಾ ಹಿಡೀತೆ.”

“ಬೇಡ. ನಂಗೆ ಕೈ ಇಲ್ಯಾ?”

ಇಬ್ಬರೂ ಬೇಲೆಕೇರಿಯವರು. ಬೆಳಿಗ್ಗೆ ದಡದ ಹರಾಜಿನಲ್ಲಿ ಇಬ್ಬರೂ ಸೇರಿ ಒಂದೇ ರಾಶಿ ಕೂಗಿ, ಅರ್ಧರ್ಧ ಹಂಚಿಕೊಂಡು, ಪೇಟೆಯಲ್ಲಿ ಪಕ್ಕಪಕ್ಕ ಕೂತು ಮಾರುತ್ತಿದ್ದರು. ಇಪ್ಪತ್ತು ವರ್ಷದ ರೂಢಿ. ಕಾಯಿಲೆಯೂ ಇಬ್ಬರಿಗೂ ಒಂದೇ. ನೀತಾಳ ಆಪರೇಶನ್ನು ಐದು ತಿಂಗಳ ಹಿಂದೆ ವಿಮೆಯ ದುಡ್ಡಿನಲ್ಲಿ ಆಯಿತು. ದುರ್ಗಿಯದು ಆಗಲಿಲ್ಲ.

ಕೆಟ್ಟದ್ದು ಒಂದು ಮಾತಿನಿಂದ. ಯಾವಾಗಿಂದ ನೋವು ಎಂದು ಡಾಕ್ಟರು ಕೇಳಿದ್ದರು. ಬೇಲೆಕೇರಿಯಲ್ಲಿ ಯಾರೂ ಇಸವಿ ಹೇಳುವುದಿಲ್ಲ. ದುರ್ಗಿಯೂ ತನಗೆ ಗೊತ್ತಿದ್ದ ಹಾಗೆ ಹೇಳಿದಳು: “ನಮ್ಮೂರಿಗೆ ಅದಿರಿನ ಹಡಗು ಬರ್ತಿತ್ತಲ್ರಾ, ಆವಾಗಿಂದ ಸೊಂಟ ನೋಯ್ತದೆ.” ಬುಟ್ಟಿ ಹೊರುವ ಯಾವ ಹೆಂಗಸಿನ ಸೊಂಟ ನೋಯುವುದಿಲ್ಲ? ಅದೂ ಒಂದು ಕಾಯಿಲೆಯೆಂದು ಅವಳು ತಿಳಿದಿರಲಿಲ್ಲ. ಹಡಗು ನಿಂತದ್ದು ಯಾವಾಗ ಎಂದು ಡಾಕ್ಟರು ನರ್ಸಿನ ಹತ್ತಿರ ವಿಚಾರಿಸಿ, ಹದಿನೈದು ವರ್ಷದಿಂದ ಎಂದು ಬರೆದರು. ವಿಮೆ ಮಾಡಿಸಿ ಮೂರೇ ವರ್ಷ. ಹಳೆ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ ಎಂದು ಕಂಪನಿ ಒಂದು ಸಾಲಿನ ಕಾಗದ ಕಳಿಸಿತು. ಗಂಡ ರಾಜೀವನ ಹೆಸರಿಗೆ ದೋಣಿ ಇದೆಯೆಂದು, ಸರ್ಕಾರದ ಪುಕ್ಕಟೆ ಆಪರೇಶನ್ನಿಗೆ ಬೇಕಾದ ಬಿಪಿಎಲ್ ಕಾರ್ಡು ಮೊದಲೇ ಹೋಗಿತ್ತು.

ನೀತಾಳ ಮಗಳು ಪೂಜಾ ನರ್ಸಿಂಗ್ ಓದುವವಳು. “ಎರಡು ತಿಂಗಳಿಂದ ಅನ್ನು ಆಯಿ, ಮತ್ತೆಂತದೂ ಮಾತಾಡ್ಬೇಡ” ಎಂದು ತಾಯಿಗೆ ಬಾಯಿಪಾಠ ಮಾಡಿಸಿಯೇ ಒಳಗೆ ಕಳಿಸಿದ್ದಳು.

ಅಂದಿನಿಂದ ದುರ್ಗಿಗೆ ನೀತಾಳನ್ನು ನೋಡುವುದೇ ಒಂದು ಕೆಲಸವಾಯಿತು. ನೀತಾ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಕೆಮ್ಮುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿರಲಿಲ್ಲ. ಬಿದ್ದುಬಿದ್ದು ನಗುತ್ತಿದ್ದಳು. ಅವಳಿಗೆ ಚಿನ್ನದ ಸರ ಬಂದಿದ್ದರೆ ದುರ್ಗಿ ಸಹಿಸಿಕೊಳ್ಳುತ್ತಿದ್ದಳೇನೋ. ಹೀಗೆ ಹಗುರವಾಗಿ ನಗುವುದನ್ನು ಹೇಗೆ ಸಹಿಸುವುದು?

ಹತ್ತು ಗಂಟೆಗೆ ವಿಮೆಯ ಜಗದೀಶ ಬಂದ. ಮೀನಿನ ನೀರು ಬೂಟಿಗೆ ತಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಬಂದು, ಹೆಂಗಸರ ಸಂಘದ ಪಾಲಿಸಿ ಮುಗಿಯುತ್ತಿದೆ ಎಂದ. ಹೋದ ವರ್ಷ ಮನೆಗೆ ಆರು ಸಾವಿರ. ಈ ವರ್ಷ ಹನ್ನೊಂದು.

“ಹನ್ನೊಂದಾ!” ತಿಮ್ಮಿ ಕತ್ತಿ ಕೆಳಗಿಟ್ಟಳು. “ನಿನ್ನ ಕಂಪನಿ ಬಂಗಡೆಗಿಂತ ಬೇಗ ಏರ್ತದಲ್ಲೋ ತಮಾ.”

“ನಾ ಎಂತ ಮಾಡ್ಲಿ ಅಕ್ಕಾ? ನಿಮ್ಮ ಗುಂಪಿನವರೇ ದೊಡ್ಡ ಕ್ಲೇಮು ಮಾಡಿದ್ರು. ಅದಕ್ಕೆ ಎಲ್ರಿಗೂ ಏರ್ತು.”

ಹೆಸರು ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಎಲ್ಲರ ಕಣ್ಣೂ ನೀತಾಳ ಕಡೆ ಹೊರಳಿದವು. ನೀತಾ ತಲೆ ಬಗ್ಗಿಸಿ ಮೀನು ಕೊಯ್ಯತೊಡಗಿದಳು. ದುರ್ಗಿಗೆ ಒಳಗೊಳಗೇ ತಂಪಾಯಿತು.

ಜಗದೀಶ ಅವಳನ್ನು ನಲ್ಲಿಯ ಹತ್ತಿರ ಕರೆದು ದನಿ ಇಳಿಸಿದ. “ದುರ್ಗಾಬಾಯಿ, ಒಂದು ಮಾತು. ನೀತಾಬಾಯಿದೂ ಹಳೇ ನೋವೇ ಅಲ್ವಾ? ಯಾವಾಗಿಂದ ಅಂತ ಬರ್ದು ಒಂದು ಸಹಿ ಹಾಕಿ. ಕಂಪನಿ ಅವರಿಂದ ದುಡ್ಡು ವಾಪಸ್ ತಕಳ್ತದೆ. ನಿಮ್ಮ ಫೈಲು ಮತ್ತೆ ತೆಗಿಸೂಕೆ ನಾ ಹೇಳ್ತೇನೆ.”

ಯಾವಾಗಿಂದ ಎಂಬುದು ದುರ್ಗಿಗೆ ಚೆನ್ನಾಗಿ ಗೊತ್ತಿತ್ತು. ಪೂಜಾ ಹುಟ್ಟಿದ ಇಪ್ಪತ್ತನೇ ದಿನಕ್ಕೇ ನೀತಾ ಬುಟ್ಟಿ ಹೊತ್ತಿದ್ದಳು. ಸುಂಕಸಾಳದಲ್ಲಿ ಹೊಟ್ಟೆ ಹಿಡಿದುಕೊಂಡು ರಸ್ತೆ ಬದಿಗೆ ಕುಸಿದಿದ್ದಳು. ಆ ದಿನ ಅವಳ ಬುಟ್ಟಿಯನ್ನೂ ತನ್ನದರ ಮೇಲಿಟ್ಟು ಹೊತ್ತು, ಮನೆಮನೆಗೆ ಕೂಗಿ ಮಾರಿದವಳು ದುರ್ಗಿ. ಅವಳ ಭಾರ ಹೊತ್ತೇ ತನ್ನದು ಜಾರಿರಬಹುದು. ಈಗ ಅವಳು ನೆಟ್ಟಗೆ ನಡೆಯುತ್ತಾಳೆ, ತಾನು ಬಟ್ಟೆ ಕಟ್ಟಿಕೊಂಡು ತಿರುಗುತ್ತೇನೆ. ಒಂದು ಸಹಿ. ದುರ್ಗಿ ಕೈಯನ್ನು ಸೀರೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

“ನಿಂಗೆ ವಿಮೆ ಇತ್ತಾ ತಮಾ?”

“ಇದೆ. ಕಂಪನೀನೇ ಕಟ್ತದೆ.”

“ಹೆಂಡ್ತಿಗೆ?”

“ಹೆಂಡ್ತಿ, ಮಕ್ಕಳು, ಅಪ್ಪ, ಅಮ್ಮ, ಎಲ್ರಿಗೂ.”

“ನಿನ್ನ ಅಮ್ಮನ ಹತ್ರ ಯಾವಾಗಿಂದ ನೋವು ಕೇಳ್ತ್ರಾ?”

ಜಗದೀಶ ನಕ್ಕ. “ಇಲ್ಲ ಬಾಯಿ. ನಮ್ದು ಗುಂಪಿನ ಪಾಲಿಸಿ. ಹಳೇದು, ಹೊಸದು, ಎಲ್ಲದಕ್ಕೂ ಮೊದಲ ದಿನದಿಂದ್ಲೇ ಸಿಕ್ತದೆ.”

“ನಮ್ದೂ ಗುಂಪೇ ಅಲ್ದಾ?”

“ಅದು ಬೇರೆ.”

ದುರ್ಗಿ ಅವನ ಬೂಟು ನೋಡಿದಳು. ಕಾರವಾರದಲ್ಲೆಲ್ಲೋ ಆರಾಮವಾಗಿ ಕೂತಿರುವ, ತಾನು ಕಾಣದ ಅವನ ತಾಯಿಯನ್ನು ನೆನೆದಳು. ಮೂರು ವರ್ಷ ಇವನು ದುಡ್ಡು ಎಣಿಸಿಕೊಂಡು ಹೋಗುವಾಗ ಒಮ್ಮೆಯೂ ಯಾವಾಗಿಂದ ಎಂದು ಕೇಳಿರಲಿಲ್ಲ. ಹೊಟ್ಟೆಯ ಉರಿ ಆರಲಿಲ್ಲ, ಇನ್ನೂ ಜೋರಾಯಿತು.

ಪೆನ್ನು ವಾಪಸು ಕೊಟ್ಟಳು. “ನೀನೇ ಬರ್ಕೋ.” ಅವಳ ದನಿ ಇಡೀ ಪೇಟೆಗೆ ಕೇಳಿತು. “ನೀತಾಗೆ ನೋವು ಸುರುವಾದದ್ದು ಆಪರೇಶನ್ನಿಗೆ ಎರಡೇ ತಿಂಗಳ ಮೊದಲು. ಅದಕ್ಕೂ ಮೊದಲು ಒಂದು ದಿನ ಅಯ್ಯೋ ಅಂದವಳಲ್ಲ. ಇಪ್ಪತ್ತು ವರ್ಷ ಬದಿಗೆ ಕೂತದ್ದು ನಾನು. ಬರ್ಕೋ!”

ನೀತಾಳ ಕತ್ತಿ ನಿಂತಿತು.

“ಬಾಯಿ, ಸುಳ್ಳು ಹೇಳ್ತೀರಿ.”

“ಖರೆ ಹೇಳಿ ನೋಡಿದ್ನಲ್ಲ.”

ತಿಮ್ಮಿಗೆ ಎಲ್ಲ ತಿಳಿಯಿತು. “ನಂದೂ ಬರ್ಕೋ ತಮಾ, ನಂಗೆ ನಿನ್ನೆಯಿಂದ!” ಎಂದು ಕೂಗಿದಳು.

“ನಂಗೆ ಇವತ್ತು ಬೆಳಿಗ್ಗೆಯಿಂದ!”

“ನಂಗೆ ನಾಳೆಯಿಂದ!”

ಪೇಟೆಯೆಲ್ಲ ನಗು. ಜಗದೀಶ ಕಾಗದ ಮಡಚಿದ. ಹನ್ನೊಂದು ಸಾವಿರವನ್ನು ಒಬ್ಬಳೂ ಕಟ್ಟಲಿಲ್ಲ. ನಾಳೆ ಮೀನು ಮಾರುವುದಿಲ್ಲ, ಎಲ್ಲರೂ ಕಾರವಾರಕ್ಕೆ ಬಂದು ನಿಮ್ಮ ದೊಡ್ಡ ಸಾಹೇಬರ ಬಾಗಿಲಲ್ಲೇ ಕೂರುತ್ತೇವೆ ಎಂದು ತಿಮ್ಮಿ ಹೇಳಿ ಕಳಿಸಿದಳು.

ದುರ್ಗಿ ಹಲ್ಲು ಕಚ್ಚಿಕೊಂಡು ತನ್ನ ಜಾಗದಲ್ಲಿ ಕೂತಳು.

“ದುರ್ಗಕ್ಕ, ನೀ ಎಂತಕೆ ಹಾಂಗೆ…”

“ಸುಮ್ನಿರೇ. ನಿನ್ನ ಕಂಡ್ರೆ ಈಗ್ಲೂ ಹೊಟ್ಟೆ ಉರೀತದೆ. ನಾಳೆ ಕಾರವಾರದಲ್ಲಿ ನೀನೇ ಎಲ್ರಿಗಿಂತ ಮುಂದೆ ನಡೀಬೇಕು. ನಿಂಗೆ ನಡಿಯೂಕೆ ಬರ್ತದೆ.”