ಎರಡು ಬೆರಳಗಲ

ಅಂಟು ಅಂಚಿನಲ್ಲಿ ಜಿನುಗುತ್ತಿದೆ, ಕರಿ ಜೇನಿನ ಹಾಗೆ, ಮರಕ್ಕೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಗೆರೆ, ಹತ್ತಿಯಲ್ಲಿ ಒರೆಸಿದರೆ ಮತ್ತೆ ಜಿನುಗುತ್ತದೆ, ಒರೆಸು ರೇಣುಕಯ್ಯ, ಒರೆಸು, ಒರೆಸಿದಷ್ಟೂ ಗೆರೆ ಚೆಂದವಾಗುತ್ತಿದೆ, ಇಂಥ ಗೆರೆ ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಬಂದಿರಲಿಲ್ಲ, ಬರುವುದಕ್ಕೆ ಇವತ್ತೇ ಆಗಬೇಕಿತ್ತೆ, ಖಲೀಲ ಕೆತ್ತಿದ ಮರದಲ್ಲೇ ಆಗಬೇಕಿತ್ತೆ. ಹೊರಗೆ ಮಧುಗಿರಿ ಬೆಟ್ಟದ ಬಂಡೆ ಬಿಸಿಲಿಗೆ ಬಿಳಿಚಿಕೊಂಡಿದೆ, ಬಾಗಿಲ ಪಕ್ಕ ಉಸ್ತಾದ್ ಅಹಮದ್ ಷರೀಫರು ಕುರ್ಚಿಯಲ್ಲಿ ಕೂತು ತಸ್ಬಿ ಮಣಿ ತಿರುಗಿಸುತ್ತಿದ್ದಾರೆ, ಎಂಬತ್ತೆರಡು ವರ್ಷ, ಬಂದೂಕು ರಿಪೇರಿಯ ಈ ಅಂಗಡಿ ಈಗಲೂ ಅವರ ಹೆಸರಿನದೇ, ಕಣ್ಣಿಗೆ ಪೊರೆ ಬಂದಿದ್ದರೂ ತಿರುಪಿನ ಸದ್ದು ಕೇಳಿಯೇ ಹೇಳುತ್ತಾರೆ, ಅವಸ್ರ ಬ್ಯಾಡ ಬೇಟಾ, ಬೆರಳ ಬಿಗಿ ಸಾಕು, ಜಾಸ್ತಿ ಬಿಗಿದ್ರೆ ಅಂಟೆಲ್ಲ ಈಚೆಗೆ ಬಂದ್ಬುಡ್ತದೆ — ಸರಿ ಉಸ್ತಾದ್, ಬೆರಳ ಬಿಗಿಯೇ, ನೀವು ಹೇಳಿಕೊಟ್ಟ ಹಾಗೆಯೇ, ಒಂದನ್ನು ಬಿಟ್ಟು. ರೈಫಲ್ ಜೈಬಾಳದು, ಶಿರಾದಲ್ಲಿರುವ ಖಲೀಲನ ಮಗಳು, ಇನ್ನು ಹತ್ತು ದಿನಕ್ಕೆ ರಾಜ್ಯ ಮಟ್ಟದ ಗುರಿ ಸ್ಪರ್ಧೆ, ಮೊನ್ನೆ ಅಪ್ಪನ ಜೊತೆ ಬಂದು ಇದನ್ನು ನನ್ನ ಮೇಜಿನ ಮೇಲೆ ಮಗುವಿನ ಹಾಗೆ ಮಲಗಿಸಿ, ರೇಣುಕ ಚಾಚಾ, ಮಳೆ ಬಂದ ದಿನ ಗುಂಡು ಎಡಕ್ಕೋಯ್ತದೆ, ಬಿಸ್ಲು ಬಂದ್ರೆ ಬಲಕ್ಕೆ, ನಾನೇನು ಮೋಡ ನೋಡ್ಕಂಡು ಗುರಿ ಇಡ್ಲಾ, ಅಂದು ನಕ್ಕಳು. ಮರ ಅಲ್ಲವೇನಮ್ಮ, ತೇವಕ್ಕೆ ಉಬ್ಬುತ್ತದೆ, ತಿರುಪು ಬಿಗಿದಲ್ಲಿ ಕುಗ್ಗುತ್ತದೆ, ಅದಕ್ಕೇ ತಿರುಪು ಹಾಯುವ ಎರಡು ತೂತಿಗೂ ಅಲ್ಯೂಮಿನಿಯಂ ಕಂಬ ನಿಲ್ಲಿಸಬೇಕು, ಉಕ್ಕು ಆ ಕಂಬಗಳ ಮೇಲೆ ಕೂತು ಅಂಟಿನ ಹಾಸಿಗೆಯಲ್ಲಿ ತನ್ನ ಅಚ್ಚು ಒತ್ತಬೇಕು, ಆಮೇಲೆ ಮಳೆ ಬರಲಿ ಬಿಸಿಲು ಬರಲಿ ಅದು ಕೂತಲ್ಲಿಂದ ಕದಲುವುದಿಲ್ಲ. ಬೆಳಗ್ಗೆ ಪೂಜೆಗೆ ಕೂತಾಗ ಅಂಗೈಯ ಲಿಂಗವನ್ನು ನೋಡಿ ಇದೇ ಅನ್ನಿಸಿತ್ತು, ಹೀಗೆ ಕೂರಬೇಕು, ಎಲ್ಲ ಕಡೆ ತಾಗಿ, ಎಲ್ಲೂ ಅಂಟದೆ — ಶಿವನೇ, ಕಣ್ಣು ಲಿಂಗದ ಮೇಲಿತ್ತು, ಮನಸ್ಸು ಖಲೀಲನ ಮರದ ಮೇಲಿತ್ತು, ಇಂದ್ರಮ್ಮ ಸುಮ್ಮನಿರುತ್ತಾಳೆಯೇ, ಏನ್ರೀ, ಇವತ್ತು ಶಿವನಿಗೆ ವಿಭೂತಿ ಹಚ್ಚುದ್ರೋ ಖಲೀಲಣ್ಣನಿಗೋ, ಮುಖ ಅಂಗೆ ಗಂಟಾಕ್ಕಂಡಿದ್ರಿ. ಇಪ್ಪತ್ತೆಂಟು ವರ್ಷ ಒಟ್ಟಿಗಿದ್ದವಳು, ಏನನ್ನು ಮುಚ್ಚಿಡಲಿ.

ನಾವಿಬ್ಬರೂ ಇಲ್ಲಿ ಕೆಲಸ ಕಲಿಯುತ್ತಿದ್ದ ಕಾಲ, ಒಂದೇ ಅಕ್ರೋಟು ಮರದ ದಿಮ್ಮಿ, ಉಸ್ತಾದರೇ ನಡುವೆ ಸೀಳಿ ಒಂದು ಹೋಳು ನನಗೆ, ಒಂದು ಖಲೀಲನಿಗೆ ಕೊಟ್ಟರು, ಹೋಗ್ರಿ, ಒಂದೊಂದು ಕುಂದಾ ಕೆತ್ಕಂಡ್ ಬರ್ರಿ — ಬಂದೂಕಿನ ಮರದ ಒಡಲಿಗೆ ಅವರು ಕುಂದಾ ಅನ್ನುವುದು — ನಾನು ಮೂರು ತಿಂಗಳು ಕೆತ್ತಿದೆ, ಉಳಿ ಮುಟ್ಟುವ ಮುಂಚೆ ಕೈಕಾಲು ತೊಳೆದು ಕೂರುತ್ತಿದ್ದೆ, ಅವನು ಬೀಡಿ ಸೇದುತ್ತಾ ಹಾಡಿಕೊಳ್ಳುತ್ತಾ ಇಪ್ಪತ್ತು ದಿನಕ್ಕೆ ಮುಗಿಸಿದ. ಉಸ್ತಾದರ ಹೆಬ್ಬೆರಳು ನನ್ನದರ ಮೇಲೆ ಹೋಯಿತು, ಬುಡದಿಂದ ತುದಿಗೆ, ಎಲ್ಲೂ ನಿಲ್ಲದೆ, ನಡೀತದೆ ಬೇಟಾ ಅಂದರು. ಅವನದರ ಮೇಲೆ ಹೋಯಿತು, ಹಿಂದಕ್ಕೆ ಬಂದಿತು, ಕೆನ್ನೆ ಒರಗುವ ಜಾಗದಲ್ಲಿ ನಿಂತಿತು, ಬಹಳ ಹೊತ್ತು ನಿಂತೇ ಇತ್ತು, ಮಾಷಾಲ್ಲಾ. ಆ ಒಂದು ಮಾತು, ಮೂವತ್ತು ವರ್ಷ, ನನಗೆ ಒಂದು ಸಲವೂ ಇಲ್ಲ. ನಾನು ಕೆತ್ತಿದ್ದು ಈಗ ತಿರುಮಣಿಯ ಸೋಲಾರ್ ಪಾರ್ಕಿನ ಗಾರ್ಡ್ ಭೀಮರಾಜುವಿನ ಹೆಗಲಲ್ಲಿದೆ, ಅಡ್ಡ ಮಲಗಿಸಿ ಅದರ ಮೇಲೆ ಟೀ ಲೋಟ ಇಡುತ್ತಾನೆ, ಕೇಳಿದರೆ, ಅಣ್ಣೋ, ಸಮ ಐತಲ್ಲ, ಅನ್ನುತ್ತಾನೆ. ಖಲೀಲನದರ ಮೇಲೆ ಮಗಳು ಕೆನ್ನೆ ಇಡುತ್ತಾಳೆ, ಉಸಿರು ಹಿಡಿದು, ಕಣ್ಣು ಅರ್ಧ ಮುಚ್ಚಿ, ನಮಾಜಿಗೆ ನಿಂತವಳ ಹಾಗೆ. ಅವನಾದರೂ ಜಂಬ ಕೊಚ್ಚಿದ್ದರೆ ದ್ವೇಷಿಸುವುದು ಸುಲಭವಿತ್ತು, ಮೊನ್ನೆ ಇದೇ ಬಾಗಿಲಲ್ಲಿ ನಿಂತು, ಲೇ ರೇಣುಕ, ಕಂಬ ಕೂರ್ಸೋಕೆ ನಿನ್ ಕೈನೇ ಆಗ್ಬೇಕು ಕಣ್ಲಾ, ನನ್ ಕೈಗೆಲ್ಲೈತೆ ಅಷ್ಟು ತಾಳ್ಮೆ, ಅಂದುಬಿಟ್ಟ, ಔದಾರ್ಯದಲ್ಲೂ ನನಗಿಂತ ಒಂದು ಕೈ ಮೇಲೆ.

ತಾಳ್ಮೆಯಂತೆ. ಅಂಟು ಹಿಡಿಯಬಾರದೆಂದು ಉಕ್ಕಿಗೆಲ್ಲ ಬೂಟ್ ಪಾಲಿಶ್ ಬಳಿದು ಉಜ್ಜಬೇಕು, ಅದು ಮೊದಲ ದಿನದ ಪಾಠ, ಪಾಲಿಶ್ ಇಲ್ಲದ ಉಕ್ಕು ಮರಕ್ಕೆ ಕಚ್ಚಿಕೊಂಡರೆ ಬ್ರಹ್ಮ ಬಂದರೂ ಬಿಡಿಸಲಾಗದು, ಮರವನ್ನು ಗರಗಸದಲ್ಲಿ ಕೊಯ್ದು ತೆಗೆಯಬೇಕು. ಎಲ್ಲ ಕಡೆ ಬಳಿದೆ, ಬದಿಗೆ, ಹಿಂಬದಿಗೆ, ತಿರುಪಿನ ಸುತ್ತುಗಳಿಗೆ, ಮುಂದಿನ ಕಂಬ ತಾಗುವ ಎರಡು ಬೆರಳಗಲ ಜಾಗಕ್ಕೆ ಬಂದಾಗ ಬಟ್ಟೆ ನಿಂತಿತು. ಮರೆತೆ ಅನ್ನಬಹುದು. ಮರೆಯಲಿಲ್ಲ. ಬಿಟ್ಟೆ. ನಾಳೆ ಬೆಳಗ್ಗೆ ಉಕ್ಕು ಏಳುವುದಿಲ್ಲ, ಗರಗಸ ತರುತ್ತೇವೆ, ಮಾಷಾಲ್ಲಾ ಅನ್ನಿಸಿಕೊಂಡ ಮರ ಹೋಳಾಗಿ ನೆಲಕ್ಕೆ ಬೀಳುತ್ತದೆ, ಪಾಪ ರೇಣುಕಯ್ಯನಿಗೂ ವಯಸ್ಸಾಯ್ತು ಅನ್ನುತ್ತಾರೆ, ಖಲೀಲನೂ ಬೆನ್ನು ತಟ್ಟುತ್ತಾನೆ, ಹೋಗ್ಲಿ ಬುಡ್ಲಾ, ಇನ್ನೊಂದು ಕೆತ್ತುದ್ರಾಯ್ತು, ಅದನ್ನು ನಾನು ಹೇಗೆ ತಡೆದುಕೊಳ್ಳಲಿ, ಮತ್ತೆ ಆ ಹುಡುಗಿ, ಹತ್ತೇ ದಿನ, ಕೆನ್ನೆ ಎಲ್ಲಿಡುತ್ತಾಳೆ. ಉಳಿದ ಅಂಟನ್ನು ಡಬ್ಬಿ ಮುಚ್ಚಳದಲ್ಲಿಟ್ಟಿದ್ದೇನೆ, ಕಡ್ಡಿ ಅದ್ದಿ ಎತ್ತಿದರೆ ಇನ್ನೂ ನೂಲು ಬರುತ್ತದೆ, ಮೊದಲು ಮೊಳದುದ್ದ ಬರುತ್ತಿತ್ತು, ಈಗ ಗೇಣು, ನೂಲು ಬರುವ ತನಕ ಕಾಲವಿದೆ, ತಿರುಪು ಬಿಚ್ಚಿ, ಉಕ್ಕೆತ್ತಿ, ಸ್ಪಿರಿಟಿನಲ್ಲಿ ಒರೆಸಿ, ಮತ್ತೆ ಮೊದಲಿನಿಂದ, ಮರ ಉಳಿಯುತ್ತದೆ, ನನ್ನ ಗೆರೆ ಹೋಗುತ್ತದೆ. ಗೇಣು. ಅರ್ಧ ಗೇಣು. ಕುರ್ಚಿ ಕಿರುಗುಟ್ಟಿತು, ಉಸ್ತಾದರು ಎದ್ದರು, ಮೇಜು ತಡವಿ ಬಂದರು, ನೋಡಾನ ತತ್ತಾ, ಬಾಗಿದರು, ಹೆಬ್ಬೆರಳು ಗೆರೆಯ ಮೇಲೆ ಇಳಿಯಿತು, ಹೋಯಿತು, ತುದಿ ತನಕ, ಹಿಂದಕ್ಕೆ ಬಂದಿತು, ಶಿವನೇ, ಹಿಂದಕ್ಕೆ ಬಂದಿತು, ನಿಂತಿತು. ಮಾಷಾಲ್ಲಾ. ಮರ ಯಾವ್ದು ಉಕ್ಕು ಯಾವ್ದು ಬೆರಳಿಗೇ ತಿಳೀತಿಲ್ಲ, ಖಲೀಲನ ಕೈಲೂ ಇದಾಗಾಕಿಲ್ಲ ಬೇಟಾ. ಕಿವಿ ತುಂಬಿತು, ಎದೆ ತುಂಬಿತು, ಕಡ್ಡಿ ಎತ್ತಿದೆ, ನೂಲು ಬೆರಳುದ್ದಕ್ಕೆ ಬಂದು ತುಂಡಾಯಿತು. ಉಸ್ತಾದ್, ಕೈ ತೆಗೀರಿ. ಯಾಕಪ್ಪ. ಬಿಚ್ಬೇಕು, ಈಗ್ಲೇ, ಮುಂದ್ಲ ಕಂಬದತ್ರ ಪಾಲಿಶ್ ಹಚ್ಚಿಲ್ಲ. ಅರೇ, ಮರೆತ್ಯಾ — ಹ್ಞೂಂ ಅಂದರೆ ಸಾಕು, ಹ್ಞೂಂ ಅಂದರೆ ಆ ಮಾತು ನನ್ನದಾಗಿಯೇ ಉಳಿಯುತ್ತದೆ, ಮರವೂ ಉಳಿಯುತ್ತದೆ, ಮರೆವು ಯಾರಿಗಿಲ್ಲ — ಇಲ್ಲ ಉಸ್ತಾದ್. ಮರೀಲಿಲ್ಲ. ತಿರುಪುಳಿ ನನ್ನ ಕೈಯಲ್ಲಿದೆ, ಅವರ ಪೊರೆ ಬಂದ ಕಣ್ಣು ನನ್ನ ಕಡೆಗೇ ಇದೆ, ಹೆಬ್ಬೆರಳು ಇನ್ನೂ ಎದ್ದಿಲ್ಲ, ಅದು ಏಳದೆ ನಾನು ಬಿಚ್ಚುವಂತಿಲ್ಲ, ಅಂಟು ಕಾಯುವುದಿಲ್ಲ, ಗೆರೆಯ ಮೇಲೆ, ಆ ಎರಡು ಬೆರಳಗಲದ ನೇರಕ್ಕೆ, ಹೆಬ್ಬೆರಳು, ಉಗುರಿನ ಸುತ್ತ ಬೆಳ್ಳಗಾಗುವಷ್ಟು ಒತ್ತಿ, ಹೆಬ್ಬೆರಳು