ಬೆಸೆದ ಸೀಟು

ನಮ್ಮ ಮನೆಗೆ ಇದ್ದದ್ದು ಒಂದೇ ಸೈಕಲ್ಲು. ಬೆಳಿಗ್ಗೆ ಅಪ್ಪ ಅದರಲ್ಲಿ ನೂಲಿನ ಮಿಲ್ಲಿಗೆ ಹೋಗಿ ಎರಡು ಗಂಟೆಗೆ ವಾಪಸ್ಸಾಗುತ್ತಿದ್ದ. ಆಮೇಲೆ ಅದೇ ಸೈಕಲ್ಲಿನಲ್ಲಿ ನಾನು ವೆಲ್ಡಿಂಗ್ ಶೆಡ್ಡಿಗೆ. ಇಬ್ಬರದೂ ಒಂದೇ ಎತ್ತರ. ಅಪ್ಪ ಒಂದು ಕೂದಲೆಳೆ ಹೆಚ್ಚೇ. ಪೆಡಲು ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೆಟ್ಟಗಾಗಬೇಕು, ಸೀಟಿಗೆ ಅದೇ ಸರಿಯಾದ ಎತ್ತರ ಎಂದು ನನಗೆ ಕಲಿಸಿದವನೂ ಅವನೇ. ಸೀಟಿನ ಪೈಪಿನ ಮೇಲೆ ಅಲ್ಲಿಗೆ ಒಂದು ಗೀಟು ಹಾಕಿದ್ದೆವು.

ಈಚೆಗೆ ಆ ಗೀಟು ಕಾಣುವುದೇ ನಿಂತಿತ್ತು. ದಿನಾ ಮಧ್ಯಾಹ್ನ ಸೀಟು ನಾಲ್ಕು ಬೆರಳು ಕೆಳಗಿಳಿದಿರುತ್ತಿತ್ತು, ನನ್ನ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಸ್ಪ್ಯಾನರ್ ಹಿಡಿದು ಏರಿಸುತ್ತಿದ್ದೆ. ಮರುದಿನ ಮತ್ತೆ ಅದೇ ಕತೆ.

"ನಿಂದೇ ಕೆಲ್ಸ ತಾನೇ ಇದು, ಗಿಡ್ಡಿ?" ಎಂದು ತಂಗಿಯ ಮೇಲೆ ಹಾರಿದೆ.

"ನಂಗೆ ಸೈಕಲ್ ಸಿಗೋದಾದ್ರೂ ಯಾವಾಗ? ನಾನ್ಯಾಕೆ ಮುಟ್ಲಿ?"

"ಕುಂಬಳಕಾಯಿ ಕಳ್ಳಿ ಅಂದ್ರೆ ಹೆಗಲು ಮುಟ್ಕೊಂಡ್ಳು ನೋಡು!"

"ಅಣ್ಣಾ, ಆಣೆಗೂ ನಾನಲ್ಲ," ಎಂದು ಅತ್ತೇಬಿಟ್ಟಳು. ಅಪ್ಪ ಅಲ್ಲೇ ಊಟಕ್ಕೆ ಕೂತಿದ್ದ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ಸಂಜೆ ಶೆಡ್ಡಿನಲ್ಲಿ ಸೀಟನ್ನು ಗೀಟಿಗೆ ತಂದು, ಪೈಪನ್ನು ಫ್ರೇಮಿಗೇ ಸುತ್ತಲೂ ಬೆಸೆದುಬಿಟ್ಟೆ. ಮನೆಗೆ ತಂದು, ಎಲ್ಲರೆದುರು ಸೀಟಿಗೊಂದು ಗುದ್ದಿ, "ಈಗ ಯಾರಪ್ಪ ಬಂದು ಇಳಿಸ್ತಾನೋ ನೋಡೇಬಿಡ್ತೀನಿ!" ಅಂದೆ.

"ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣೋ," ಅಂದಳು ಅಮ್ಮ. ಅಪ್ಪ ಬೆಸುಗೆಯ ಮೇಲೆ ಬೆರಳಾಡಿಸಿದ. "ಚೆನ್ನಾಗ್ ಕೂತಿದೆ," ಅಂದ. ಅಷ್ಟೇ.

ಮರುದಿನದಿಂದ ಅವನು ಅರ್ಧ ಗಂಟೆ ಮುಂಚೆ ಹೊರಡತೊಡಗಿದ. ಬರುವುದೂ ತಡವಾಯಿತು. ನನಗೆ ಸೈಕಲ್ಲು ಹೊತ್ತಿಗೆ ಸಿಗುತ್ತಿಲ್ಲವೆಂದು ಅದಕ್ಕೂ ರೇಗಿದೆ.

ವಾರ ಕಳೆದಿರಲಿಲ್ಲ, ಶೆಡ್ಡಿನ ಮೇಸ್ತ್ರಿ ಎಲ್ಲರೆದುರು ನಕ್ಕ. "ಏನೋ, ನಿಮ್ಮಪ್ಪ ಸೈಕಲ್ನ ಕರು ಥರ ಮೇಯಿಸೋಕೆ ಹೊಡ್ಕೊಂಡು ಹೋಗ್ತಾರಾ? ದಿನಾ ನೋಡ್ತೀನಿ, ಹತ್ತೋದೇ ಇಲ್ಲ!"

"ನಮ್ಮಪ್ಪನ ಸುದ್ದಿಗೆ ಬಂದ್ರೆ ಸರಿ ಇರಲ್ಲ ಮೇಸ್ತ್ರಿ!" ಸುತ್ತಿಗೆಯನ್ನು ಮೂಲೆಗೆ ಎಸೆದೆ. ಆದರೆ ಮಾತು ಒಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು.

ಮರುದಿನ ಬೆಳಿಗ್ಗೆ ಕಿಟಕಿಯ ಸಂದಿಯಿಂದ ನೋಡಿದೆ. ಅಪ್ಪ ಸೈಕಲ್ಲನ್ನು ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದ. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಿಂದ ತನ್ನ ಬಲಗಾಲನ್ನೇ ಎತ್ತಿ, ಚೀಲ ದಾಟಿಸಿದ ಹಾಗೆ ಸೀಟಿನಾಚೆ ದಾಟಿಸಿದ. ಹಲ್ಲು ಕಚ್ಚಿದ್ದು ನನಗೆ ಕಂಡಿತು.

ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಓಡಿದೆ. ಅಪ್ಪ ತಿರುವಿನವರೆಗೆ ತುಳಿದ. ನಮ್ಮ ಮನೆ ಮರೆಯಾದ ಕೂಡಲೇ ದೀಪದ ಕಂಬಕ್ಕೆ ಒರಗಿ ಇಳಿದ. ಸೊಂಟ ಹಿಡಿದುಕೊಂಡು ಸುಮಾರು ಹೊತ್ತು ನಿಂತ. ಆಮೇಲೆ ತಳ್ಳಿಕೊಂಡು ನಡೆದ, ಒಂದು ಕಾಲೆಳೆಯುತ್ತ.

ನಾಲ್ಕು ಹೆಜ್ಜೆ ಹೋಗಿ "ಅಪ್ಪಾ" ಎನ್ನಬಹುದಿತ್ತು. ಮೇಸ್ತ್ರಿಯೆದುರು ಸುತ್ತಿಗೆ ಎಸೆದ ಗಂಡಸು ನಾನು, ಯಾರದೋ ಕಾಂಪೌಂಡಿನ ಹಿಂದೆ ಕುಕ್ಕರುಗಾಲಲ್ಲಿ ಅವಿತು ಕೂತೆ.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಬೆಸುಗೆಯನ್ನೆಲ್ಲ ಉಜ್ಜಿ ತೆಗೆದೆ. ಗೀಟೂ ಅದರೊಂದಿಗೆ ಹೋಯಿತು. ಪೈಪು ಬಿಗಿಯಲು ಹೊಸ ಪಟ್ಟಿ, ನಟ್ಟು ಹಾಕಿದೆ.

ಸಂಜೆ ಮನೆಯ ಮುಂದೆ ಹ್ಯಾಂಡಲ್ ಹಿಡಿದು ನಿಂತೆ. "ಹತ್ತು."

"ಈಗ್ಯಾಕೋ?" ಅಂದ ಅಪ್ಪ.

"ಹತ್ತು ಅಂದೆನಲ್ಲ!" ತಪ್ಪಾಯ್ತು ಎನ್ನಬೇಕಾದ ಬಾಯಿಗೆ ಬಂದದ್ದು ಆ ಗದರಿಕೆಯೇ.

ಸೀಟು ಇಳಿಸಿದೆ. ಹತ್ತಿದ, ಮುಖ ಕಿವುಚಿದ. ಇಳಿದ. ಇನ್ನಷ್ಟು ಇಳಿಸಿದೆ.

"ಸಾಕಾ?"

"ಇನ್ನೊಂಚೂರು."

"ಈಗ?"

"ಇನ್ನೊಂದ್ ಚೂರು ಆದ್ರೆ..." ಎಂದು ಸಾಲ ಕೇಳುವವನ ದನಿಯಲ್ಲಿ ಅಂದ. ಆರು ಬೆರಳು ಇಳಿಯಿತು. ಇಷ್ಟು ದಿನ ನಾಲ್ಕೇ ಬೆರಳು ಇಳಿಸಿಕೊಂಡು ನೋವು ನುಂಗಿದ್ದ, ನನಗೆ ತೊಂದರೆಯಾದೀತೆಂದು.

"ನಿನ್ ಮಂಡಿ ಹ್ಯಾಂಡಲ್ಲಿಗೆ ಹೊಡಿಯುತ್ತಲ್ಲೋ."

"ಹೊಡೀಲಿ ಬಿಡು."

ತಂಗಿ ಹೊಸ್ತಿಲಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಅವಳ ಕಡೆ ತಿರುಗುವ ಧೈರ್ಯ ನನಗೆ ಬರಲಿಲ್ಲ.

"ಅಣ್ಣಾ," ಅಂದಳು, "ಇದನ್ನೂ ಬೆಸಿತೀಯಾ?"

ನಾನು ತಲೆ ತಗ್ಗಿಸಿ ನಟ್ಟು ಬಿಗಿಯುತ್ತಲೇ ಇದ್ದೆ. ಅದು ಆಗಲೇ ಬಿಗಿಯಾಗಿತ್ತು.